ಏಕವಿದ್ಯೆಯೋ, ಬಹುವಿದ್ಯೆಯೋ? ವಿಡಿಯೋ ಆಟದ ಕಲಾವಿದನ ಪ್ರಶ್ನೆ

ಒಂದು ವಿದ್ಯೆಯನ್ನು ಆಳವಾಗಿ ಕಲಿಯಬೇಕೆ, ಹಲವು ವಿದ್ಯೆಗಳನ್ನು ಹದವಾಗಿ ಕಲಿಯಬೇಕೆ ಎಂಬುದು ಹೊಸ ಪ್ರಶ್ನೆಯೇನೂ ಅಲ್ಲ. 'ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು' ಎಂದು ನಮ್ಮ ಗಾದೆ ಒಂದು ಪಕ್ಷವನ್ನು ಹಿಡಿದಿದೆ. ನಮ್ಮ ಸಾಹಿತ್ಯಲೋಕವಾದರೋ ಎರಡು ಪಕ್ಷಗಳಿಗೂ ಸಾಕ್ಷಿಯನ್ನು ಒದಗಿಸುತ್ತದೆ. ಹಳಗನ್ನಡ ಗ್ರಂಥ ಸಂಪಾದನೆಯ ಶಾಸ್ತ್ರದಲ್ಲಿ ಆಳವಾಗಿ ಬೇರು ಬಿಟ್ಟ ಡಿ. ಎಲ್. ನರಸಿಂಹಾಚಾರ್ಯರೂ ನಮ್ಮವರೇ, ಕಾದಂಬರಿ, ಯಕ್ಷಗಾನ, ಮಕ್ಕಳ ವಿಶ್ವಕೋಶ, ವಿಜ್ಞಾನ ಬರಹ ಎಂದು ಹತ್ತು ಕಡೆ ಕೈಚಾಚಿದ ಶಿವರಾಮ ಕಾರಂತರೂ ನಮ್ಮವರೇ. ಆದ್ದರಿಂದ ಯಾವುದು ಮೇಲು ಎಂದು ತೀರ್ಪು ಕೊಡುವ ಉದ್ದೇಶ ನನಗಿಲ್ಲ. ಈ ಹಳೆಯ ಪ್ರಶ್ನೆ ತೀರ ಹೊಸದಾದ ಒಂದು ವೃತ್ತಿಯಲ್ಲಿ ಅನ್ನದ ಪ್ರಶ್ನೆಯಾಗಿ ನಿಂತಿರುವ ಬಗೆಯನ್ನು ವಿವರಿಸುವುದಷ್ಟೇ ಈ ಭಾಷಣದ ಉದ್ದೇಶ. ಆ ವೃತ್ತಿ, ವಿಡಿಯೋ ಆಟಗಳಿಗೆ ಚಿತ್ರರೂಪ ಕೊಡುವವರದು.

ಕನ್ನಡ ಎಂ.ಎ. ಮಾಡಿ ಮೂರು ದಶಕಗಳ ಕಾಲ ಕಾವ್ಯ, ಛಂದಸ್ಸು ಪಾಠ ಹೇಳಿದವನಿಗೆ ಈ ವಿಷಯದ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಳೆದ ಮಕ್ಕಳ ತಂದೆತಾಯಿಯರು. 'ಮಗನಿಗೆ ಚಿತ್ರ ಬರೆಯುವ ಕೈ ಇದೆ, ಬೆಂಗಳೂರಿನಲ್ಲಿ ಆಟಗಳ ಚಿತ್ರಕಲೆ ಕಲಿಸುತ್ತಾರಂತೆ, ಲಕ್ಷಗಟ್ಟಲೆ ಶುಲ್ಕವಂತೆ, ಸಾಲ ಮಾಡಿ ಸೇರಿಸೋಣವೇ ಸಾರ್?' ಎಂದು ಅವರು ಕೇಳುತ್ತಾರೆ. ನನ್ನ ತಂಗಿಯ ಮಗಳು ಈ ವೃತ್ತಿಯಲ್ಲಿಯೇ ಇದ್ದಾಳೆ. ಅವಳಿಂದ ಕೇಳಿ, ಓದಿ, ನೋಡಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಕಲೆಯ ಸ್ವರೂಪವನ್ನು ತಿಳಿಯಬೇಕು. ಚಲನಚಿತ್ರದ ಒಂದು ದೃಶ್ಯವನ್ನು ನಿರ್ದೇಶಕ ತನಗೆ ಬೇಕಾದ ಕಡೆಯಿಂದ ಮಾತ್ರ ತೋರಿಸುತ್ತಾನೆ. ಪರದೆಯ ಹಿಂದೆ ಏನಿದೆ ಎಂದು ಪ್ರೇಕ್ಷಕ ಇಣುಕಿ ನೋಡಲಾರ. ವಿಡಿಯೋ ಆಟದಲ್ಲಿ ಹಾಗಲ್ಲ. ಆಡುವವನು ಮನೆಯ ಮುಂಬಾಗಿಲಿನಿಂದ ಒಳಹೊಕ್ಕು ಹಿತ್ತಿಲಿಗೆ ಹೋಗಬಹುದು, ಮಾಳಿಗೆ ಹತ್ತಬಹುದು, ಸುಮ್ಮನೆ ಒಂದು ಗೋಡೆಯ ಮುಂದೆ ನಿಂತು ದಿಟ್ಟಿಸಬಹುದು. ಆದ್ದರಿಂದ ಎಲ್ಲ ಕಡೆಯಿಂದಲೂ ನೋಡಬಹುದಾದ ಲೋಕವನ್ನು ಕಲಾವಿದರು ಕಟ್ಟಬೇಕು. ಯಂತ್ರವೂ ಅದನ್ನು ಬಿಡುವಿಲ್ಲದೆ ಬರೆದು ತೋರಿಸುತ್ತಿರಬೇಕು. ಗಣಕದಲ್ಲಿ ತಯಾರಾಗುವ ಚಲನಚಿತ್ರದ ಒಂದೇ ಚೌಕಟ್ಟಿಗೆ ಯಂತ್ರ ಗಂಟೆಗಟ್ಟಲೆ ಸಮಯ ತೆಗೆದುಕೊಂಡರೂ ನಡೆಯುತ್ತದೆ. ಆಟದಲ್ಲಾದರೆ ಸೆಕೆಂಡಿಗೆ 30 ಅಥವಾ 60 ಚೌಕಟ್ಟುಗಳನ್ನು ಆಗಿಂದಾಗಲೇ ಬರೆಯಬೇಕು. ಹೀಗಾಗಿ ಇಲ್ಲಿ ಸೌಂದರ್ಯದಷ್ಟೇ ಮಿತವ್ಯಯವೂ ಮುಖ್ಯ. ಚಿತ್ರ ಚೆಲುವಾಗಿದ್ದರೆ ಸಾಲದು, ಯಂತ್ರಕ್ಕೆ ಹಗುರವಾಗಿಯೂ ಇರಬೇಕು.

ಪ್ರಾರಂಭದ ದಿನಗಳಲ್ಲಿ ಈ ಕೆಲಸಗಳೆಲ್ಲ ಒಬ್ಬಿಬ್ಬರ ಕೈಯಲ್ಲಿದ್ದವು. ಜಪಾನಿನ ನಿಂಟೆಂಡೋ ಸಂಸ್ಥೆಯ 'ಡಾಂಕಿ ಕಾಂಗ್' ಎಂಬ ಆಟ 1981ರಲ್ಲಿ ಬಂದಿತು. ಅದರ ಕಲ್ಪನೆಯೂ ಪಾತ್ರಗಳ ರೂಪವೂ ಶಿಗೆರು ಮಿಯಾಮೊಟೊ ಅವರವು. ಅವರು ಕಲಿತದ್ದು ಕೈಗಾರಿಕಾ ವಿನ್ಯಾಸ. ಮುಂದೆ ಮಾರಿಯೋ ಎಂದು ಜಗತ್ಪ್ರಸಿದ್ಧನಾದ ಆ ಆಟದ ನಾಯಕನನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕದೊಳಗೆ ಬೆರಳೆಣಿಕೆಯ ಬಣ್ಣಗಳಲ್ಲಿ ಮೂಡಿಸಬೇಕಾಗಿತ್ತು. ಅಷ್ಟು ಸಣ್ಣ ಜಾಗದಲ್ಲಿ ಕೂದಲು ಬರೆಯುವುದು ಕಷ್ಟ. ಆದ್ದರಿಂದ ತಲೆಗೆ ಟೋಪಿ ಬಂತು. ಬಾಯಿ ಬರೆಯಲು ಎಡೆಯಿಲ್ಲ, ಮೂಗು ಎದ್ದು ಕಾಣಬೇಕು. ಆದ್ದರಿಂದ ಮೀಸೆ ಬಂತು. ಓಡುವಾಗ ತೋಳಿನ ಬೀಸು ಕಾಣಬೇಕು. ಆದ್ದರಿಂದ ಅಂಗಿಯಿಂದ ಬೇರೆ ಬಣ್ಣದ ಕೆಲಸಗಾರರ ಉಡುಪು ಬಂತು. ಯಂತ್ರದ ಮಿತಿಯೂ ಕಲಾವಿದನ ಕಣ್ಣೂ ಒಂದೇ ತಲೆಯಲ್ಲಿ ಕೂಡಿದಾಗ ಹುಟ್ಟಿದ ರೂಪ ಇದು.

ಅಮೆರಿಕದ ಜೋರ್ಡನ್ ಮೆಕ್ನರ್ ಅವರ 'ಪ್ರಿನ್ಸ್ ಆಫ್ ಪರ್ಷಿಯಾ' 1989ರದು. ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋದಲ್ಲಿ ಸೆರೆಹಿಡಿದು, ಆ ಭಂಗಿಗಳನ್ನು ಒಂದೊಂದಾಗಿ ಅನುಸರಿಸಿ ಅವರು ರಾಜಕುಮಾರನ ಚಲನೆಯನ್ನು ಬರೆದರು. ಆಟದ ಗಣಕ ಕ್ರಮವಿಧಿಯನ್ನು ರಚಿಸಿದವರೂ ಅವರೇ. ಹೊಸ ಎದುರಾಳಿಯನ್ನು ಸೇರಿಸಲು ಯಂತ್ರದ ಸ್ಮೃತಿಯಲ್ಲಿ ಸ್ಥಳ ಉಳಿದಿರಲಿಲ್ಲ. ಅವರು ನಾಯಕನ ಚಿತ್ರವನ್ನೇ ಗಣಿತದ ಒಂದು ಉಪಾಯದಿಂದ ಮಾರ್ಪಡಿಸಿ 'ನೆರಳು ಮನುಷ್ಯ'ನನ್ನು ಸೃಷ್ಟಿಸಿದರು. ತನ್ನ ನೆರಳೊಡನೆ ತಾನೇ ಹೋರಾಡುವ ಪ್ರಸಂಗ ಆ ಆಟದ ಅತ್ಯಂತ ಸ್ಮರಣೀಯ ಭಾಗವಾಯಿತು. ಚಿತ್ರ ಬರೆಯುವವನು ಬೇರೆ, ಕ್ರಮವಿಧಿ ಬರೆಯುವವನು ಬೇರೆ ಆಗಿದ್ದರೆ ಈ ಉಪಾಯ ಹೊಳೆಯುತ್ತಿತ್ತೇ? ಬಹುವಿದ್ಯೆಯ ಪರವಾಗಿ ವಾದಿಸುವವರು ಇಂಥ ನಿದರ್ಶನಗಳನ್ನು ಮುಂದಿಡುತ್ತಾರೆ.

ಆದರೆ 1990ರ ದಶಕದ ನಡುವೆ ಪರಿಸ್ಥಿತಿ ಬದಲಾಯಿತು. 1994ರಲ್ಲಿ ಜಪಾನಿನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಬಂದಿತು. 1996ರಲ್ಲಿ ಮಾರಿಯೋ ಕೂಡ ಚಪ್ಪಟೆ ಚಿತ್ರದಿಂದ ಎದ್ದು ಮೂರು ಆಯಾಮದ ಲೋಕದಲ್ಲಿ ಓಡಾಡತೊಡಗಿದ. ಚಿತ್ರ ಬರೆಯುವ ಕೆಲಸ ಶಿಲ್ಪ ಕಡೆಯುವ ಕೆಲಸವಾಯಿತು. ಯಂತ್ರದ ಶಕ್ತಿ ಹೆಚ್ಚಿದಂತೆಲ್ಲ ತುಂಬಬೇಕಾದ ವಿವರವೂ ಹೆಚ್ಚಿತು. ವಿವರ ಹೆಚ್ಚಿದಂತೆ ಕೈಗಳೂ ಹೆಚ್ಚಬೇಕಾಯಿತು, ಕೈಗಳು ಹೆಚ್ಚಿದಾಗ ಕೆಲಸದ ವಿಭಜನೆ ಅನಿವಾರ್ಯವಾಯಿತು.

ಈ ವಿಭಜನೆ ಎಷ್ಟು ಸೂಕ್ಷ್ಮವಾದುದೆಂದು ತಿಳಿಯಲು, ಒಬ್ಬ ಮುದುಕ ಸೈನಿಕನ ಪಾತ್ರ ಸಿದ್ಧವಾಗುವ ಬಗೆಯನ್ನು ನೋಡೋಣ. ಮೊದಲು ಕಲ್ಪನಾಚಿತ್ರಕಾರನು ಆತನ ಚಹರೆ, ಉಡುಪು, ನಿಲುವು ಹೇಗಿರಬೇಕೆಂದು ಹತ್ತಾರು ಚಿತ್ರಗಳಲ್ಲಿ ಹುಡುಕುತ್ತಾನೆ. ಆಯ್ದ ಚಿತ್ರವನ್ನು ಹಿಡಿದು ಇನ್ನೊಬ್ಬನು ಗಣಕದೊಳಗಿನ ಜೇಡಿಮಣ್ಣಿನಂಥ ದ್ರವ್ಯದಲ್ಲಿ ಮುಖದ ಸುಕ್ಕು, ಬಟ್ಟೆಯ ನೆರಿಗೆಗಳ ಸಮೇತ ಶಿಲ್ಪವನ್ನು ತಿದ್ದುತ್ತಾನೆ. ಈ ಶಿಲ್ಪದಲ್ಲಿ ಲಕ್ಷಾಂತರ ಸಣ್ಣ ಸಣ್ಣ ಮುಖಗಳಿರುತ್ತವೆ. ಅಷ್ಟು ಭಾರವನ್ನು ಆಟದ ಯಂತ್ರ ಸಾಮಾನ್ಯವಾಗಿ ಹೊರಲಾರದು. ಆದ್ದರಿಂದ ಅದರ ಮೇಲೆ ಕಡಿಮೆ ತ್ರಿಕೋನಗಳ ಹಗುರವಾದ ಬಲೆಯನ್ನು ಹೊಸದಾಗಿ ಹೆಣೆದು, ಮೂಲ ಶಿಲ್ಪದ ಉಬ್ಬುತಗ್ಗುಗಳನ್ನು ಒಂದು ಚಿತ್ರವಾಗಿ ಅಚ್ಚೊತ್ತಿಕೊಂಡು ಈ ಬಲೆಗೆ ಹೊದಿಸುತ್ತಾರೆ. ಬಣ್ಣ ಹಚ್ಚುವ ಮೊದಲು ಕಿತ್ತಳೆಯ ಸಿಪ್ಪೆ ಸುಲಿದು ಮೇಜಿನ ಮೇಲೆ ಹರವಿದಂತೆ ಈ ರೂಪದ ಹೊರಮೈಯನ್ನು ಬಿಡಿಸಿ ಚಪ್ಪಟೆ ಮಾಡಬೇಕು. ಆ ಚಪ್ಪಟೆ ಹರವಿನ ಮೇಲೆ ಮೈಬಣ್ಣ, ತುಕ್ಕು, ಬೆವರು, ಹರಿದ ದಾರ ಎಲ್ಲವನ್ನೂ ಬರೆಯುವುದು ಮತ್ತೊಬ್ಬನ ಕೆಲಸ.

ಇಷ್ಟಾದರೂ ಸೈನಿಕ ಇನ್ನೂ ಕಲ್ಲುಬೊಂಬೆಯೇ. ಅವನ ಒಳಗೆ ಎಲುಬಿನ ಹಂದರವನ್ನು ಕೂರಿಸಿ, ಯಾವ ಎಲುಬು ತಿರುಗಿದರೆ ಯಾವ ಚರ್ಮ ಎಷ್ಟು ಎಳೆಯಬೇಕೆಂದು ನಿಗದಿ ಮಾಡುವವನು ಒಬ್ಬ. ಸೂತ್ರದ ಬೊಂಬೆಗೆ ದಾರ ಕಟ್ಟುವವನಂತೆ ಇವನು. ಆ ದಾರಗಳನ್ನು ಹಿಡಿದು ನಡೆಸುವವನು, ಎಂದರೆ ಚಲನೆಯ ಕಲಾವಿದ, ಬೇರೊಬ್ಬ. ಮುದುಕನ ನಡಿಗೆಯಲ್ಲಿ ಮೊಣಕಾಲು ನೋವು ಕಾಣಬೇಕಾದರೆ ಅದು ಇವನ ಕಣ್ಣಿಗೆ ಗೊತ್ತಿರಬೇಕು. ಇವರಲ್ಲದೆ ಬೆಳಕನ್ನು ಹೊಂದಿಸುವವರು, ಹೊಗೆ, ಬೆಂಕಿ, ಮಳೆಗಳನ್ನು ರೂಪಿಸುವವರು, ಪರದೆಯ ಮೂಲೆಯ ಅಂಕಿ ಅಕ್ಷರಗಳನ್ನು ವಿನ್ಯಾಸ ಮಾಡುವವರು ಇದ್ದಾರೆ. ಕಲಾವಿದರಿಗೂ ಕ್ರಮವಿಧಿಕಾರರಿಗೂ ನಡುವೆ ನಿಂತು ಇಬ್ಬರ ಭಾಷೆಯನ್ನೂ ಬಲ್ಲ 'ತಾಂತ್ರಿಕ ಕಲಾವಿದ' ಎಂಬವನೂ ಇದ್ದಾನೆ. 2018ರಲ್ಲಿ ಬಂದ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಆಟಕ್ಕೆ ಜಗತ್ತಿನ ಹಲವು ನಗರಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಅಂಥ ಸೇನೆಯಲ್ಲಿ ಎಲ್ಲವನ್ನೂ ಬಲ್ಲವನಿಗಿಂತ ತನ್ನ ಒಂದು ಕೆಲಸವನ್ನು ನಿಷ್ಕೃಷ್ಟವಾಗಿ ಬಲ್ಲವನಿಗೇ ಕರೆ ಬರುವುದು ಸಹಜ.

ನಮ್ಮ ನಾಡಿಗೂ ಇದಕ್ಕೂ ಸಂಬಂಧ ಬಂದದ್ದು ಇಲ್ಲಿಯೇ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದಲ್ಲಿ ಆಟಗಳ ತಯಾರಿಕೆಗೆ ತೊಡಗಿದ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಪರದೇಶದ ತಯಾರಕರಿಗೆ ಬೇಕಾದ ಕಲಾಕೃತಿಗಳನ್ನು ಮಾಡಿಕೊಡುವುದು ಅದರ ಮುಖ್ಯ ಕಸುಬಾಗಿ ಬೆಳೆಯಿತು. 'ಫೋರ್ಜಾ' ಎಂಬ ಕಾರು ಓಟದ ಆಟಗಳಿಗೆ ಅಲ್ಲಿಯ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ಆ ಸಂಸ್ಥೆಯನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಕೊಂಡು ತನ್ನ ಬೆಂಗಳೂರಿನ ಶಾಖೆಯಲ್ಲಿ ಸೇರಿಸಿಕೊಂಡಿತು. ಹೀಗೆ ದೂರದಿಂದ ಬರುವ ಕೆಲಸದ ಸ್ವಭಾವವೇ ಒಂದು ಬಗೆಯದು. ಆಟದ ಕಥೆ, ಕಲ್ಪನೆಗಳು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತವೆ. ಇಲ್ಲಿಗೆ ಬರುವುದು 'ಇಷ್ಟು ಕಾರು, ಇಷ್ಟು ಬಂಡೆ, ಇಷ್ಟು ಕುರ್ಚಿ, ಈ ಅಳತೆ, ಈ ಗಡುವು' ಎಂಬ ಪಟ್ಟಿ. ಆದಕಾರಣ ನಮ್ಮ ಹುಡುಗ ಹುಡುಗಿಯರಲ್ಲಿ ಏಕವಿದ್ಯೆಯ ಒತ್ತಡ ಹೆಚ್ಚು. 'ಮಾವ, ನಾನು ಕಲ್ಲುಕುಟಿಗಳು ಕಣೋ' ಎಂದು ನನ್ನ ತಂಗಿಯ ಮಗಳು ನಗುತ್ತಾಳೆ. ಐದು ವರ್ಷ ಅವಳು ಮಾಡಿದ್ದು ಬಂಡೆ, ಪಾಳುಗೋಡೆ, ಮೆಟ್ಟಿಲುಗಳನ್ನೇ.

ಏಕವಿದ್ಯೆಯ ಪರವಾದ ವಾದ ದುರ್ಬಲವಾದುದಲ್ಲ. ಕೆಲಸ ಕೊಡುವವನ ಮುಂದೆ ಒಂದು ನಿರ್ದಿಷ್ಟ ತೆರವು ಇರುತ್ತದೆ. ಅವನಿಗೆ ಬೇಕಾದದ್ದು ಚಲನೆಯ ಕಲಾವಿದ, ಇಲ್ಲವೇ ಪರಿಸರದ ಕಲಾವಿದ. ಅರ್ಜಿ ಹಾಕಿದವನು ತನ್ನ ಕೃತಿಗಳ ಸಂಪುಟದಲ್ಲಿ ಎರಡು ಪಾತ್ರ, ಎರಡು ಕಟ್ಟಡ, ಒಂದು ನಡಿಗೆ, ಒಂದು ಲಾಂಛನ ತೋರಿಸಿದರೆ ಇವನನ್ನು ಯಾವ ಆಸನದಲ್ಲಿ ಕೂರಿಸುವುದೆಂಬುದೇ ನೋಡುವವನಿಗೆ ತಿಳಿಯುವುದಿಲ್ಲ. ಒಂದೇ ಬಗೆಯ ಐದಾರು ಉತ್ತಮ ಕೃತಿಗಳನ್ನು ತೋರಿಸಿದವನು ಮೊದಲು ಕಣ್ಣಿಗೆ ಬೀಳುತ್ತಾನೆ. ಇದಕ್ಕಿಂತ ಮಿಗಿಲಾದ ಕಾರಣವೊಂದಿದೆ. ಆಳಕ್ಕೆ ಇಳಿದವನ ಕಣ್ಣು ಬದಲಾಗುತ್ತದೆ. ನನ್ನ ತಂಗಿಯ ಮಗಳು ಊರಿಗೆ ಬಂದಾಗ ಕಟ್ಟೆಯ ಕಲ್ಲಿನ ಯಾವ ಮೂಲೆ ಕಾಲಿನ ಸವೆತದಿಂದ ನುಣುಪಾಗಿದೆ, ಯಾವ ಬದಿಗೆ ನೀರು ಇಳಿದು ಪಾಚಿ ಕಟ್ಟಿದೆ ಎಂದು ನಿಂತು ನೋಡುವುದನ್ನು ಕಂಡಿದ್ದೇನೆ. ಹತ್ತು ಕೆಲಸ ಮಾಡುವವನಿಗೆ ಈ ನೋಟ ದೊರೆಯುವುದು ಅಪರೂಪ. ಕೆನಡಾದ ಮೋಲ್ಡನ್‌ಹೌರ್ ಸಹೋದರರು ತಮ್ಮ ಮನೆಗಳನ್ನು ಅಡವಿಟ್ಟು ತಯಾರಿಸಿದ 'ಕಪ್‌ಹೆಡ್' ಆಟ 2017ರಲ್ಲಿ ಹೊರಬಂದಿತು. 1930ರ ದಶಕದ ವ್ಯಂಗ್ಯಚಲನಚಿತ್ರಗಳ ಮಾದರಿಯಲ್ಲಿ ಅದರ ಪಾತ್ರಗಳ ಚಲನೆಯನ್ನು ಕಾಗದದ ಮೇಲೆ ಕೈಯಿಂದಲೇ ಬರೆಯಲಾಯಿತು, ಹಿನ್ನೆಲೆಗಳನ್ನು ಜಲವರ್ಣದಲ್ಲಿ ಮಾಡಲಾಯಿತು. ಕಾಲ ಮುಗಿಯಿತೆಂದು ತೋರುವ ವಿದ್ಯೆಯೂ ಆಳವಾಗಿದ್ದರೆ ಮತ್ತೆ ಬೆಲೆ ಪಡೆಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಅಪಾಯ ಎಲ್ಲಿದೆ? ವಿದ್ಯೆ ಎಂದು ನಾವು ತಿಳಿದದ್ದು ಬರಿಯ ಉಪಕರಣದ ಬಳಕೆಯಾಗಿದ್ದರೆ ಅಲ್ಲಿದೆ. ಸ್ವೀಡನ್ನಿನ ಕ್ವಿಕ್ಸೆಲ್ ಸಂಸ್ಥೆ ನಿಜವಾದ ಬಂಡೆ, ಮಣ್ಣು, ತೊಗಟೆಗಳನ್ನು ಎಲ್ಲ ಕಡೆಯಿಂದ ಛಾಯಾಗ್ರಹಣ ಮಾಡಿ, ಅವುಗಳಿಂದ ಸಿದ್ಧರೂಪಗಳ ದೊಡ್ಡ ಭಂಡಾರವನ್ನೇ ಕಟ್ಟಿತು. 2019ರಲ್ಲಿ ಎಪಿಕ್ ಸಂಸ್ಥೆ ಅದನ್ನು ಕೊಂಡು, ತನ್ನ ಅನ್‌ರಿಯಲ್ ಎಂಜಿನ್ ಬಳಸುವವರಿಗೆ ಆ ಭಂಡಾರವನ್ನು ತೆರೆದಿಟ್ಟಿತು. ಅದೇ ಎಂಜಿನ್ನಿನ ಐದನೆಯ ಆವೃತ್ತಿ 2022ರಲ್ಲಿ ಬಂದಾಗ, ಬಂಡೆ ಕಟ್ಟಡಗಳಂಥ ಅಚಲ ವಸ್ತುಗಳನ್ನು ಕೈಯಿಂದ ಹಗುರ ಮಾಡುವ ಕೆಲಸದ ಅಗತ್ಯ ಬಹಳಷ್ಟು ತಗ್ಗಿತು. ಅದೇ ವರ್ಷ, ಮಾತಿನಲ್ಲಿ ವಿವರಿಸಿದರೆ ಚಿತ್ರ ಬರೆದು ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಜನಸಾಮಾನ್ಯರ ಕೈಗೆ ಬಂದವು. ಕಲ್ಪನಾಚಿತ್ರಕಾರರ ಎದೆ ನಡುಗಿತು. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಆಟಗಳ ಉದ್ಯಮದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಕಚೇರಿಯೂ ಮುಚ್ಚಿತು. ತಿಂಗಳ ಕಂತು ಕಟ್ಟುವವರು, ಆಗತಾನೆ ಮದುವೆಯಾದವರು ಹಠಾತ್ತನೆ ಬೀದಿಗೆ ಬಂದರು.

ನನ್ನ ತಂಗಿಯ ಮಗಳ ಸಂಸ್ಥೆ ಬೇರೆ. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಅಲ್ಲಿಯೂ ಬಂಡೆ ಮಾಡುವವರ ತಂಡವನ್ನು ಒಂದು ಬೆಳಿಗ್ಗೆ ವಿಸರ್ಜಿಸಿದರು. ಆರು ತಿಂಗಳು ಅವಳಿಗೆ ಕೆಲಸವಿರಲಿಲ್ಲ. ಅವಳ ಜೊತೆಯವರಲ್ಲಿ ಉಪಕರಣದ ಗುಂಡಿಗಳನ್ನು ಮಾತ್ರ ಬಲ್ಲವರು ವೃತ್ತಿಯನ್ನೇ ಬಿಟ್ಟರಂತೆ. ಕಲ್ಲು ಏಕೆ ಹಾಗೆ ಒಡೆಯುತ್ತದೆ, ಗಿಡ ಎಲ್ಲಿ ಬೇರು ಬಿಡುತ್ತದೆ, ಸಂಜೆಯ ಬೆಳಕು ಗೋಡೆಯ ಮೇಲೆ ಹೇಗೆ ಜಾರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆ ಆರು ತಿಂಗಳಲ್ಲಿ ಅವಳು ಬೆಳಕನ್ನು ಹೊಂದಿಸುವ ಕೆಲಸವನ್ನು ಕಲಿತು, ಸಿದ್ಧರೂಪದ ಬಂಡೆಗಳನ್ನೇ ಬಳಸಿ ಇಡಿಯ ಕಣಿವೆಯೊಂದನ್ನು ಜೋಡಿಸಿ ತೋರಿಸಿದಳು. ಈಗ ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಇನ್ನೊಂದು ಸಣ್ಣ ತಂಡದಲ್ಲಿದ್ದಾಳೆ.

ಬಹುವಿದ್ಯೆಯ ಪಕ್ಷಕ್ಕೆ ಬರೋಣ. ಅದರ ಧ್ವಜ ಹಿಡಿದವರು ಅಮೆರಿಕದ ಎರಿಕ್ ಬ್ಯಾರೋನ್. 2016ರಲ್ಲಿ ಹೊರಬಂದ 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟದ ಚಿತ್ರ, ಸಂಗೀತ, ಸಂಭಾಷಣೆ, ಕ್ರಮವಿಧಿ ಎಲ್ಲವೂ ಅವರೊಬ್ಬರವೇ. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದುವು. ಈ ಕಥೆಯನ್ನು ಕೇಳಿ ಉತ್ಸಾಹಗೊಂಡ ತರುಣರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಹುತೇಕ ಸಂಪಾದನೆಯಿಲ್ಲದೆ ದುಡಿದರು. ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡಿದರು. ಮನೆ ನಡೆದದ್ದು ಹೆಚ್ಚಾಗಿ ಸಂಗಾತಿಯ ದುಡಿಮೆಯಿಂದ. ಚಿತ್ರಕಲೆ ಅವರಿಗೆ ಮೊದಲೇ ಒಲಿದಿರಲಿಲ್ಲ. ಒಮ್ಮೆ ಬರೆದ ಚಿತ್ರಗಳನ್ನು ಅಳಿಸಿ ಮತ್ತೆ ಮತ್ತೆ ಬರೆದೇ ಅದನ್ನು ಕಲಿತರು. ಎಂದರೆ ಬಹುವಿದ್ಯೆಗೂ ಆಳದಿಂದ ವಿನಾಯಿತಿ ಇಲ್ಲ. ಅದೇ ಬೆಲೆಯನ್ನು ಹಲವು ಅಂಗಡಿಗಳಲ್ಲಿ ತೆರಬೇಕಾಗುತ್ತದೆ. ಎಲ್ಲವನ್ನೂ ಅರ್ಧಂಬರ್ಧ ಮುಟ್ಟಿ 'ನನಗೆ ಎಲ್ಲವೂ ಬರುತ್ತದೆ' ಎನ್ನುವುದು ಬಹುವಿದ್ಯೆಯಲ್ಲ.

ಈ ಎರಡರ ನಡುವೆ ಒಂದು ದಾರಿಯನ್ನು ಅಮೆರಿಕದ ವಾಲ್ವ್ ಸಂಸ್ಥೆ ತೋರಿಸಿದೆ. ಹೊಸದಾಗಿ ಸೇರುವವರಿಗೆಂದು ಬರೆದ ಅದರ ಕೈಪಿಡಿ 2012ರಲ್ಲಿ ಸಾರ್ವಜನಿಕರ ಕಣ್ಣಿಗೂ ಬಿದ್ದಿತು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಜನ ತಮಗೆ ಬೇಕೆಂದು ಅದರಲ್ಲಿದೆ. ಅಕ್ಷರದ ಅಡ್ಡಗೆರೆ ಹಲವು ವಿದ್ಯೆಗಳ ಪರಿಚಯ. ಕೆಳಗಿಳಿಯುವ ಗೆರೆ ಒಂದು ವಿದ್ಯೆಯಲ್ಲಿನ ಆಳ. ಜಪಾನಿನ ಫುಮಿಟೊ ಉಯೆಡಾ ಇದಕ್ಕೆ ಒಳ್ಳೆಯ ಉದಾಹರಣೆ. ಒಸಾಕಾದಲ್ಲಿ ಚಿತ್ರಕಲೆ ಕಲಿತು, ಆಟಗಳಲ್ಲಿ ಚಲನೆಯ ಕಲಾವಿದರಾಗಿ ಕೆಲಸ ಪ್ರಾರಂಭಿಸಿ, 2001ರ 'ಇಕೋ', 2005ರ 'ಷ್ಯಾಡೋ ಆಫ್ ದಿ ಕೊಲಾಸಸ್' ಆಟಗಳ ನಿರ್ದೇಶಕರಾದರು. 'ಇಕೋ'ದಲ್ಲಿ ಹುಡುಗನೊಬ್ಬ ಹುಡುಗಿಯ ಕೈಹಿಡಿದು ಕೋಟೆಯೊಳಗೆ ನಡೆಯುತ್ತಾನೆ. ಆ ಕೈ ಎಳೆಯುವ ಚಲನೆಯೇ ಆಟದ ಭಾವ. ಚಲನೆಯಲ್ಲಿ ಆಳವಾಗಿ ಪಳಗಿದವನಿಗೆ ಹೊಳೆಯಬಹುದಾದ ಕಲ್ಪನೆ ಅದು. ಇಡಿಯ ಆಟವನ್ನು ಕಾಣಬಲ್ಲವನು ಮಾತ್ರ ಅದನ್ನು ಪೂರ್ಣಗೊಳಿಸಬಲ್ಲ.

ಹಾಗಾದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಹೇಳುವುದೇನು? ಇಲ್ಲಿ ಆಯ್ಕೆಗಿಂತ ಅನುಕ್ರಮ ಮುಖ್ಯವೆಂದು ನನಗೆ ತೋರುತ್ತದೆ. ಮೊದಲು ಅಡಿಪಾಯ: ರೇಖೆ, ದೇಹರಚನೆ, ಬಣ್ಣ, ಬೆಳಕು. ಇದಕ್ಕೆ ಲಕ್ಷಗಟ್ಟಲೆ ಶುಲ್ಕ ಬೇಕಿಲ್ಲ. ಕಾಗದ, ಪೆನ್ಸಿಲು, ನಿತ್ಯದ ಅಭ್ಯಾಸ ಸಾಕು. ಮೂರು ಆಯಾಮದ ಕೆಲಸಕ್ಕೆ ಬ್ಲೆಂಡರ್ ಎಂಬ ಸಾಧನ ಉಚಿತವಾಗಿಯೇ ದೊರೆಯುತ್ತದೆ. ಸಾಲ ಮಾಡುವ ಮೊದಲು ಒಂದು ವರ್ಷ ಹುಡುಗ ಇವುಗಳಲ್ಲಿ ತಾನಾಗಿ ಕೂರುತ್ತಾನೆಯೇ ಎಂದು ನೋಡಿ. ಆಮೇಲೆ ಎಲ್ಲ ವಿಭಾಗಗಳನ್ನೂ ಒಮ್ಮೆ ಮುಟ್ಟಿ ಒಂದನ್ನು ಆರಿಸಿ, ಕೆಲಸ ಸಿಗುವಷ್ಟು ಅದರಲ್ಲಿ ಇಳಿಯಲಿ. ಮೊದಲ ಬಾಗಿಲು ತೆರೆಯುವುದು ಏಕವಿದ್ಯೆಯೇ. ಒಳಗೆ ಹೋದ ಮೇಲೆ ಅಲ್ಲಿಯೇ ಬಾಗಿಲು ಹಾಕಿಕೊಂಡು ಕೂರದೆ, ಪಕ್ಕದ ಮೇಜಿನವನ ವಿದ್ಯೆಯನ್ನು ವರ್ಷಕ್ಕಿಷ್ಟು ಕಲಿಯಲಿ. ಶಿಲ್ಪಿ ಬಣ್ಣವನ್ನೂ, ಬಣ್ಣದವನು ಬೆಳಕನ್ನೂ, ಚಲನೆಯವನು ಎಲುಬಿನ ಹಂದರವನ್ನೂ ತಿಳಿಯಲಿ. ಸಣ್ಣ ತಂಡಕ್ಕೆ ಸೇರುವವನಿಗೆ ಅಡ್ಡಗೆರೆ ಹೆಚ್ಚು ಉದ್ದವಿರಬೇಕು, ದೊಡ್ಡ ಸಂಸ್ಥೆಗೆ ಸೇರುವವನಿಗೆ ಕೆಳಗೆರೆ ಹೆಚ್ಚು ಆಳವಿರಬೇಕು. ಎರಡರಲ್ಲಿ ಒಂದು ಇಲ್ಲವೇ ಇಲ್ಲ ಎಂಬಂತಾಗಬಾರದು.

ಉಪಕರಣಗಳು ಹತ್ತು ವರ್ಷಕ್ಕೊಮ್ಮೆ, ಈಗೀಗ ಇನ್ನೂ ಬೇಗ, ಬದಲಾಗುತ್ತವೆ. ಮುದುಕನು ಮೊಣಕಾಲು ನೋವಿನಿಂದ ನಡೆಯುವ ರೀತಿ, ಕಲ್ಲಿನ ಮೇಲೆ ನೀರು ಇಳಿಯುವ ರೀತಿ ಬದಲಾಗುವುದಿಲ್ಲ. ಇದನ್ನು ನೋಡಿ ಕಲಿತವನ ಕೈಗೆ ಯಾವ ಉಪಕರಣ ಬಂದರೂ ಅವನು ಅದರಿಂದ ಕೆಲಸ ತೆಗೆಯಬಲ್ಲ. ಮಕ್ಕಳನ್ನು ಈ ವೃತ್ತಿಗೆ ಕಳುಹಿಸುವ ತಂದೆತಾಯಿಯರು ತರಬೇತಿ ಶಾಲೆಯ ಮುಂದೆ ನಿಂತು, 'ನೀವು ಯಾವ ಉಪಕರಣ ಕಲಿಸುತ್ತೀರಿ?' ಎಂದು ಕೇಳುವ ಮುನ್ನ 'ನೋಡುವುದನ್ನು ಕಲಿಸುತ್ತೀರಾ?' ಎಂದು ಕೇಳಲಿ. ಉತ್ತರ ಸಮಾಧಾನ ತಂದರೆ ಮಾತ್ರ ಸಾಲದ ಕಾಗದಕ್ಕೆ ಸಹಿ ಹಾಕಲಿ.